ಏರ್ ಗನ್‌ಗೆ ಮನೆಯಲ್ಲೇ ಹೊಸ ವಾಷರ್

ಏರ್ ಗನ್ ಪವರ್ ಕಡಿಮೆಯಾಯಿತು ಅಂದರೆ ಸಾಕು, ಎಲ್ಲರೂ ಸ್ಪ್ರಿಂಗ್ ಮೇಲೆ ತಪ್ಪು ಹೊರಿಸುತ್ತಾರೆ. ಬ್ಯಾರೆಲ್ ಮಡಚಿ ಲೋಡ್ ಮಾಡುವ ನನ್ನ ಹಳೇ ಗನ್‌ಗೂ "ಗಟ್ಟಿ ಸ್ಪ್ರಿಂಗ್ ಹಾಕಿಸಿ" ಅನ್ನುವ ಸಲಹೆಯೇ ಸಿಕ್ಕಿತ್ತು. ಡಬ್ಬಿ ತೂತು ಮಾಡುತ್ತಿದ್ದ ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು) ಈಗ ಬರೀ ತಗ್ಗು ಮಾಡಿ ಕೆಳಗೆ ಬೀಳುತ್ತಿತ್ತು, ನಿಜ. ಆದರೆ ಬ್ಯಾರೆಲ್ ಮಡಚುವಾಗ ಕೈಗೆ ಮೊದಲಿನಷ್ಟೇ ಬಿಗಿ ಸಿಗುತ್ತಿತ್ತು. ಸ್ಪ್ರಿಂಗ್‌ನಲ್ಲಿ ಬಲ ಇದೆ ಅಂದರೆ ಗಾಳಿಯೇ ಎಲ್ಲೋ ಸೋರುತ್ತಿರಬೇಕು ಅಲ್ವಾ?

ಟ್ರಿಗರ್ ಎಳೆದಾಗ ಸ್ಪ್ರಿಂಗ್ ಪಿಸ್ಟನ್ ಅನ್ನು ಮುಂದಕ್ಕೆ ನೂಕುತ್ತದೆ. ಸಿಲಿಂಡರ್‌ನ ಗಾಳಿ ಒತ್ತಡಕ್ಕೆ ಸಿಕ್ಕಿ ಸಣ್ಣ ತೂತಿನಿಂದ ಪೆಲೆಟ್‌ನ ಹಿಂದೆ ನುಗ್ಗುತ್ತದೆ. ಸೋರುವುದು ಹೆಚ್ಚಾಗಿ ಎರಡು ಕಡೆ: ಬ್ಯಾರೆಲ್ ಕೂಡುವ ಜಾಗದ ಸೀಲ್, ಇಲ್ಲವೇ ಪಿಸ್ಟನ್ ತುದಿಯ ವಾಷರ್. ಬ್ಯಾರೆಲ್ ಕೂಡುವ ಕಡೆ ಟಿಶ್ಯೂ ಪೇಪರ್ ಚೂರು ಇಟ್ಟು ಮಣ್ಣಿನ ದಿಬ್ಬಕ್ಕೆ ಒಂದು ಪೆಲೆಟ್ ಹೊಡೆದೆ. ಸೀಲ್ ಹೋಗಿದ್ದರೆ ಪೇಪರ್ ಹಾರಬೇಕು. ಅಲುಗಲಿಲ್ಲ. ಹಾಗಾಗಿ ಒಳಗೆ ನೋಡಲೇಬೇಕಾಯಿತು.

ಬಿಚ್ಚುವಾಗ ಆತುರ ಬೇಡ. ಕಾಕ್ ಮಾಡದೇ, ಅಂದರೆ ಬ್ಯಾರೆಲ್ ಮಡಚಿ ಹೊಡೆಯಲು ಸಿದ್ಧ ಮಾಡದೇ ಇದ್ದರೂ ಒಳಗಿನ ಸ್ಪ್ರಿಂಗ್ ಅದುಮಿಕೊಂಡೇ ಕೂತಿರುತ್ತದೆ. ಹಿಂದಿನ ಪಿನ್ ತೆಗೆದ ತಕ್ಷಣ ಮುಚ್ಚಳ ಮುಖಕ್ಕೆ ಚಿಮ್ಮಬಹುದು. ಬಡಗಿಯಿಂದ ಉದ್ದನೆಯ ಕ್ಲ್ಯಾಂಪ್ ತಂದು, ಗನ್ ಖಾಲಿ ಇದೆ ಅಂತ ನೋಡಿಕೊಂಡು, ಮುಚ್ಚಳವನ್ನು ಒತ್ತಿ ಹಿಡಿದು ಪಿನ್ ತೆಗೆದೆ. ಆಮೇಲೆ ಕ್ಲ್ಯಾಂಪ್ ನಿಧಾನ ಸಡಿಲಿಸಿದೆ. ಕ್ಲ್ಯಾಂಪ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಚರ್ಮದ ವಾಷರ್ ಒಣಗಿ ಹಪ್ಪಳವಾಗಿತ್ತು, ಅಂಚು ಸುಟ್ಟು ಕಪ್ಪಾಗಿತ್ತು. ಗಾಳಿಯ ತೂತಿಗೆ ಯಾರೋ ಮೆಷಿನ್ ಆಯಿಲ್ ಬಿಟ್ಟಿರುವ ಗುರುತು ಅದು. ಒತ್ತಿದ ಗಾಳಿ ಎಷ್ಟು ಕಾಯುತ್ತದೆ ಅಂದರೆ ಎಣ್ಣೆ ಡೀಸೆಲ್ ಇಂಜಿನ್‌ನಲ್ಲಿ ಆದಂತೆಯೇ ಹೊತ್ತಿಕೊಳ್ಳುತ್ತದೆ. ಢಂ ಅನ್ನುವ ಸದ್ದು ಕೇಳಿ ಪವರ್ ಬಂತು ಅಂತ ಖುಷಿಪಡುವವರಿದ್ದಾರೆ. ವಾಷರ್ ಸುಡುವುದೂ ಸ್ಪ್ರಿಂಗ್ ಮುರಿಯುವುದೂ ಅದರಿಂದಲೇ.

ಹೊಸ ವಾಷರ್‌ಗೆ ಚಪ್ಪಲಿ ಹೊಲಿಯುವವರ ಹತ್ತಿರ 3 ಮಿ.ಮೀ. ದಪ್ಪದ ಗಟ್ಟಿ ಅಟ್ಟೆ ಚರ್ಮ ತಂದೆ. ಬ್ಯಾಗಿನ ಮೆತ್ತನೆ ಚರ್ಮ ಆಕಾರ ಹಿಡಿಯುವುದಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಸಿಲಿಂಡರ್‌ನಷ್ಟೇ ಒಳ ಅಳತೆಯ ಪೈಪ್ ತುಂಡಿನ ಬಾಯಿಗೆ ಚರ್ಮ ಇಟ್ಟು, ಮರದ ದುಂಡನೆ ತುಂಡಿನಿಂದ ಒಳಕ್ಕೆ ಒತ್ತಿದೆ. ಬಟ್ಟಲಿನ ಆಕಾರ ಬಂತು. ನೆರಳಲ್ಲಿ ಒಣಗಿಸಿ, ಅಂಚನ್ನು ಬ್ಲೇಡಿನಿಂದ ಸಮ ಮಾಡಿ, ಕುದುರೆ ಜೀನಿನ ಚರ್ಮಕ್ಕೆ ಹಚ್ಚುವ ನೀಟ್ಸ್‌ಫುಟ್ ಎಣ್ಣೆಯಲ್ಲಿ ರಾತ್ರಿಯಿಡೀ ಬಿಟ್ಟೆ. ಬಟ್ಟಲಿನ ಬಾಯಿ ಮುಂದಕ್ಕೆ ಇರಬೇಕು, ಸೈಕಲ್ ಪಂಪಿನಲ್ಲೂ ಹೀಗೇ. ಆಗ ಗಾಳಿಯ ಒತ್ತಡವೇ ಅಂಚನ್ನು ಸಿಲಿಂಡರ್ ಗೋಡೆಗೆ ಅಮುಕುತ್ತದೆ. ನಡುವಿನ ಸ್ಕ್ರೂ ತಲೆ ಚರ್ಮದಿಂದ ಮೇಲೆ ಬರಬಾರದು, ಬಂದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಜಾಸ್ತಿ ಎಣ್ಣೆ ಒರೆಸಿಯೇ ಜೋಡಿಸಿದೆ.

ಸ್ಪ್ರಿಂಗ್ ಅನ್ನು ಗಾಜಿನ ಮೇಲೆ ಉರುಳಿಸಿ ನೋಡಿದೆ. ಬಾಗಿರಲಿಲ್ಲ. ತುದಿಗಳನ್ನು ಎಮರಿ ಪೇಪರ್‌ನಲ್ಲಿ ನುಣುಪು ಮಾಡಿ, ತೆಳ್ಳಗೆ ಮಾಲಿ (ಮಾಲಿಬ್ಡಿನಮ್ ಬೆರೆತ) ಗ್ರೀಸ್ ಹಚ್ಚಿ ಅದನ್ನೇ ವಾಪಸ್ ಹಾಕಿದೆ. ಗಟ್ಟಿ ಸ್ಪ್ರಿಂಗ್ ಗನ್ನನ್ನು ಇನ್ನೂ ಬೇಗ ಸವೆಸುತ್ತದೆ. ಜೊತೆಗೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಪೆಲೆಟ್ ಹೊರಬರುವ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಬೇಕು. ಟ್ರಿಗರ್ ಕೊಕ್ಕೆಗೆ ಅರ ಮುಟ್ಟಿಸಲಿಲ್ಲ. ಮೇಲಿನ ಗಡಸು ಪದರ ಹೋದರೆ ಗನ್ ತಾನಾಗಿಯೇ ಸಿಡಿಯಬಹುದು.

ಮೊದಲ ಕೆಲವು ಸಲ ಸ್ವಲ್ಪ ಹೊಗೆ ಬಂತು, ಆಮೇಲೆ ನಿಂತಿತು. ಪೆಲೆಟ್ ಈಗ ಡಬ್ಬಿಯ ಎರಡೂ ಕಡೆ ತೂತು ಮಾಡುತ್ತದೆ. ಮನೆಗೆ ಬಂದವರು ಸುಮ್ನೆ ಖಾಲಿ ಗನ್ ಹೊಡೆದು ನೋಡಲು ಕೇಳಿದರೆ ಮಾತ್ರ ಕೊಡುವುದಿಲ್ಲ. ಎದುರಿಗೆ ಪೆಲೆಟ್ ತಡೆ ಇಲ್ಲದಿದ್ದರೆ ಪಿಸ್ಟನ್ ನೇರ ಸಿಲಿಂಡರ್ ತುದಿಗೆ ಹೋಗಿ ಗುದ್ದುತ್ತದೆ.