ಸೂಜಿಯನ್ನು ಅಯಸ್ಕಾಂತ ಮಾಡುವುದು ಹೇಗೆ? ಹಿಂದೆ ಮುಂದೆ ತಿಕ್ಕಿದರೆ ಆಗದು!

ಅಯಸ್ಕಾಂತದ ಪಾಠವನ್ನು ಬೋರ್ಡಿನಲ್ಲಿ ಬರೆಸಿಯೇ ಮುಗಿಸುವವರು ಜಾಸ್ತಿ. ಅದರ ಬದಲು ಮಕ್ಕಳ ಕೈಗೆ ಒಂದೊಂದು ಹೊಲಿಗೆ ಸೂಜಿ ಕೊಡಿ.

ಮೊದಲು ಯಾವುದು ಅಂಟುತ್ತದೆ, ಯಾವುದು ಇಲ್ಲ ಎಂದು ನೋಡಿಸಿ. ಹಿತ್ತಾಳೆ, ಅಲ್ಯೂಮಿನಿಯಂ ಅಂಟುವುದಿಲ್ಲ. ಒಂದು ರೂಪಾಯಿಯ ಸ್ಟೀಲ್ ನಾಣ್ಯ ಅಂಟುತ್ತದೆ. ಹತ್ತು ನಿಮಿಷ ಸಾಕು.

ಮಲ್ಪೆ, ಪಣಂಬೂರು ಕಡೆಯವರು ಕಡಲ ಬದಿಯಲ್ಲಿ ಕಪ್ಪು ಗೆರೆ ಕಂಡರೆ ಅಲ್ಲಿಂದ ಒಂದು ಹಿಡಿ ಮರಳು ತಂದು ಒಣಗಿಸಿ, ಅದರಲ್ಲಿ ಅಯಸ್ಕಾಂತ ಆಡಿಸಿ ನೋಡಿ. ಅಯಸ್ಕಾಂತವನ್ನು ತೊಟ್ಟೆಯೊಳಗೆ (ಪ್ಲಾಸ್ಟಿಕ್ ಚೀಲದೊಳಗೆ) ಹಾಕಿಯೇ ಆಡಿಸಿ, ಇಲ್ಲದಿದ್ದರೆ ಅಂಟಿದ ಪುಡಿ ಬಿಡಿಸುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ಕುದುರೆಮುಖದಿಂದ ಕೊಳವೆಯಲ್ಲಿ ಪಣಂಬೂರಿಗೆ ಬರುತ್ತಿದ್ದದ್ದೂ ಮ್ಯಾಗ್ನೆಟೈಟ್, ಅಂದರೆ ಹೀಗೆ ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಬ್ಬಿಣದ ಅದಿರು. 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು ಎಂಬುದನ್ನೂ ಇಲ್ಲೇ ಹೇಳಿಬಿಡಿ.

ಎಲ್ಲರೂ ಎಡವುವುದು ಸೂಜಿಯ ಹಂತದಲ್ಲಿ. ಸೂಜಿಯನ್ನು ಮೇಜಿನ ಮೇಲಿಟ್ಟು ಬೆರಳಲ್ಲಿ ಒತ್ತಿ ಹಿಡಿಯಿರಿ. ಪಟ್ಟಿ ಅಯಸ್ಕಾಂತದ ಉತ್ತರ ತುದಿಯನ್ನು ಸೂಜಿಯ ಕಣ್ಣಿನಿಂದ ಮೊನೆಯವರೆಗೆ ಎಳೆಯಿರಿ. ಮೊನೆ ದಾಟಿದ ಮೇಲೆ ಮೇಲಕ್ಕೆತ್ತಿ, ಗಾಳಿಯಲ್ಲೇ ದೊಡ್ಡ ಸುತ್ತು ಹಾಕಿ, ಮತ್ತೆ ಕಣ್ಣಿಗೆ ತನ್ನಿ. ಹೀಗೆ ಮೂವತ್ತು ನಲವತ್ತು ಸಲ. ಮಕ್ಕಳು ಮಾತ್ರ ಪಾತ್ರೆ ತಿಕ್ಕಿದ ಹಾಗೆ ಹಿಂದೆ ಮುಂದೆ ತಿಕ್ಕುತ್ತಾರೆ. ಸೂಜಿಯೊಳಗೆ ಡೊಮೇನ್ ಎಂಬ ಪುಟ್ಟ ಪುಟ್ಟ ಅಯಸ್ಕಾಂತ ವಲಯಗಳಿರುತ್ತವೆ. ಹೋಗುವಾಗ ಒಂದೇ ದಿಕ್ಕಿಗೆ ತಿರುಗಿದ್ದನ್ನು ಬರುವಾಗ ಕೆಡಿಸಿದರೆ ಏನು ಉಳಿಯಿತು? ನಡುವೆ ಅಯಸ್ಕಾಂತದ ತುದಿ ಬದಲಾಯಿಸಿದರೂ ಅಷ್ಟೇ. ಉತ್ತರ ತುದಿಯಿಂದ ಎಳೆದಿದ್ದರೆ ಮೊನೆ ದಕ್ಷಿಣ ಧ್ರುವವಾಗುತ್ತದೆ, ತಪ್ಪಾಯಿತೆಂದು ಗಾಬರಿಯಾಗಬೇಡಿ.

ಸೂಜಿಯ ಬದಲು ಮೊಳೆ ಬೇಡ, ಮೆದು ಕಬ್ಬಿಣ ಬೇಗ ಗುಣ ಕಳೆದುಕೊಳ್ಳುತ್ತದೆ. ಫ್ರಿಜ್ಜಿಗೆ ಅಂಟಿಸುವ ರಬ್ಬರಿನಂಥ ಚಪ್ಪಟೆ ಅಯಸ್ಕಾಂತವಂತೂ ಬೇಡವೇ ಬೇಡ. ಅದರ ಒಂದೇ ಮುಖದಲ್ಲಿ ಉತ್ತರ, ದಕ್ಷಿಣ ಪಟ್ಟಿಪಟ್ಟಿಯಾಗಿರುತ್ತವೆ. ಅಗ್ಗದ ಕಿಟ್ಟಿನ ಕೆಂಪು ನೀಲಿ ಬಣ್ಣವನ್ನೂ ನಂಬಬೇಡಿ, ನೂಲಿನಲ್ಲಿ ನೇತುಹಾಕಿ ದಿಕ್ಕು ಖಚಿತ ಮಾಡಿಕೊಳ್ಳಿ. ಆನ್‌ಲೈನಿನಲ್ಲಿ ಸಿಗುವ ಶಕ್ತಿಶಾಲಿ ಗೋಲಿ ಅಯಸ್ಕಾಂತ ಮಕ್ಕಳ ಕೈಗೆ ಸಿಗಲೇಬಾರದು. ಎರಡು ನುಂಗಿದರೆ ಕರುಳನ್ನು ನಡುವೆ ಹಿಚುಕುತ್ತವೆ.

ಆಮೇಲೆ ಪ್ಲಾಸ್ಟಿಕ್ ಬೋಗುಣಿಗೆ ಅಂಚಿನವರೆಗೂ ನೀರು ತುಂಬಿ. ಕಡಿಮೆ ತುಂಬಿದರೆ ಎಲೆ ಬದಿಗೆ ಹೋಗಿ ಅಂಟಿಕೊಳ್ಳುತ್ತದೆ. ಹಲಸಿನ ಎಲೆಯ ತುಂಡಿನ ಮೇಲೆ ಸೂಜಿ ಇಟ್ಟು ತೇಲಿಬಿಡಿ. ಫ್ಯಾನ್ ಆಫ್, ಮೊಬೈಲ್ ದೂರ. ಸೂಜಿ ತಾನಾಗಿ ತಿರುಗಿ ಉತ್ತರ ದಕ್ಷಿಣಕ್ಕೆ ನಿಲ್ಲುತ್ತದೆ. ನಮ್ಮ ಕರಾವಳಿಯಲ್ಲಿ ದಿಕ್ಕು ತಾಳೆ ನೋಡುವುದು ಸುಲಭ, ಕಡಲಿಗೆ ಮುಖ ಮಾಡಿ ನಿಂತರೆ ಬಲಗೈ ಕಡೆ ಉತ್ತರ ಅಲ್ವಾ?

ಪಾಠ ಮುಗಿದ ಮೇಲೆ ಎರಡು ಪಟ್ಟಿ ಅಯಸ್ಕಾಂತಗಳನ್ನು ವಿರುದ್ಧ ಧ್ರುವಗಳು ಪಕ್ಕಪಕ್ಕ ಬರುವಂತೆ ಜೋಡಿಸಿ. ನಡುವೆ ಮರದ ತುಂಡು, ಎರಡೂ ತುದಿಗೆ ಮೆದು ಕಬ್ಬಿಣದ ತುಂಡು ಇಡಿ. ಸುಮ್ನೆ ಡ್ರಾಯರಿಗೆ ಎಸೆದರೆ ದಿನ ಹೋದಂತೆ ಗುಂಡುಸೂಜಿ ಎತ್ತುವ ಶಕ್ತಿಯೂ ಉಳಿಯುವುದಿಲ್ಲ.