ಕಂಟ್ರೋಲರ್ ಅಲುಗದಿದ್ದರೂ ಗುರಿ ಎಡಕ್ಕೆ ಜಾರುತ್ತಿದ್ದರೆ

ವಿಡಿಯೊ ಗೇಮ್‌ನಲ್ಲಿ ಕೈಯಲ್ಲೇ ತಿರುಗಿಸಿ ಗುರಿಯಿಡುವ ಮೋಷನ್ ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಕೈ ತೆಗೆದರೂ ಪರದೆಯ ಗುರಿಚಿಹ್ನೆ ನಿಧಾನವಾಗಿ ಎಡಕ್ಕೆ ಸರಿಯುತ್ತಿತ್ತು. ಮೇಲೆ-ಕೆಳಗೆ ಮಾತ್ರ ಸ್ಥಿರ. ದೊಡ್ಡ ಸುಳಿವು ಇದೇ.

ಒಳಗಿನ ಗೈರೋಸ್ಕೋಪ್ ಅಳೆಯುವುದು ಕೋನವನ್ನಲ್ಲ, ತಿರುಗುವ ವೇಗವನ್ನು. ಅದನ್ನು ಕೂಡಿಸುತ್ತಾ ಹೋಗಿ ಕೋನ ಕಂಡುಕೊಳ್ಳುವುದು ಸಾಫ್ಟ್‌ವೇರ್. ಸುಮ್ಮನಿದ್ದಾಗಲೂ ಸೆಕೆಂಡಿಗೆ 0.5 ಡಿಗ್ರಿ ತೋರಿಸಿದರೆ ನಿಮಿಷಕ್ಕೆ 30 ಡಿಗ್ರಿ ತಪ್ಪು! ಮೇಲೆ-ಕೆಳಗಿನ ಬಾಗನ್ನು ಆಕ್ಸಿಲರೋಮೀಟರ್ ಗುರುತ್ವದ ದಿಕ್ಕು ನೋಡಿ ತಿದ್ದುತ್ತದೆ. ಎಡ-ಬಲ ತಿರುಗಿದಾಗ ಆ ದಿಕ್ಕು ಬದಲಾಗುವುದೇ ಇಲ್ಲ, ಹಾಗಾಗಿ ಅಲ್ಲಿ ತಿದ್ದುವವರಿಲ್ಲ.

ಮದ್ದು ಕ್ಯಾಲಿಬ್ರೇಷನ್, ಅಂದರೆ ಸುಮ್ಮನಿದ್ದಾಗ ಗೈರೋ ತೋರಿಸುವುದನ್ನೇ ಶೂನ್ಯವೆಂದು ಹೊಂದಿಸುವುದು. ಆದರೆ ಆನ್ ಮಾಡಿದ ಕೂಡಲೇ ಮಾಡಿದರೆ ನಿಲ್ಲದು. ಚಿಪ್ ಬಿಸಿಯಾದಂತೆ ಅದರ ಶೂನ್ಯವೂ ಸರಿಯುತ್ತದೆ. ಹತ್ತು ನಿಮಿಷ ಆಡಿದ ಮೇಲೆ, ಗಟ್ಟಿಯಾದ ಸಮತಟ್ಟು ಜಾಗದಲ್ಲಿಟ್ಟು ಮುಟ್ಟದೆ ಮಾಡಿದ್ದು ಫಲಿಸಿತು. ತೊಡೆ, ಹಾಸಿಗೆ, ಸ್ಪೀಕರ್ ಅದುರಿಸುವ ಮೇಜು ಬೇಡ.

ಆಟದೊಳಗಿನ ರೀಸೆಂಟರ್ ಬಟನ್ ಇದಕ್ಕೆ ಪರಿಹಾರವಲ್ಲ. ಅದು ಗುರಿಯನ್ನು ಮಧ್ಯಕ್ಕೆ ತರುತ್ತದಷ್ಟೇ, ಜಾರುವುದು ಮತ್ತೆ ಶುರು.

ಅಂದಹಾಗೆ, ಮೋಷನ್ ಆಫ್ ಮಾಡಿದರೂ ಜಾರುತ್ತಿದ್ದರೆ ಗೈರೋವನ್ನು ಬೈಯಬೇಡಿ. ದೋಷ ಹೆಬ್ಬೆರಳಿನಿಂದ ಆಡಿಸುವ ಅನಲಾಗ್ ಸ್ಟಿಕ್‌ನದು. ಡೆಡ್‌ಝೋನ್ (ಸ್ಟಿಕ್‌ನ ಸಣ್ಣ ಅಲುಗಾಟವನ್ನು ಲೆಕ್ಕಿಸದ ಮಧ್ಯದ ವಲಯ) ಸ್ವಲ್ಪ ಹೆಚ್ಚಿಸಿ ನೋಡಿ.