ಸೈಕಲ್ಲಿನಿಂದ ಇಳಿಯುವ ಮುನ್ನವೇ ಉಳಿಯುವ ಸಮಯ

ಹುಬ್ಬಳ್ಳಿಯಿಂದ ಹಾವೇರಿ, ರಾಣೆಬೆನ್ನೂರು ದಾಟಿ ದಾವಣಗೆರೆಯತ್ತ ಸಾಗುವ ಹೆದ್ದಾರಿಯು ದೂರದ ಸವಾರಿ ಕಲಿಯುವವರಿಗೆ ಅನುಕೂಲವಾದದ್ದು. ಬಿಆರ್‌ಎಂ ಎಂದು ಕರೆಯುವ ದೂರದ ಸೈಕಲ್ ಸವಾರಿಗಳಲ್ಲಿ ಯಾರು ಮೊದಲು ಬಂದರೆಂಬುದು ಮುಖ್ಯವಲ್ಲ, ನಿಗದಿತ ಸಮಯದ ಮಿತಿಯೊಳಗೆ ಮುಗಿಸಬೇಕು. 600 ಕಿ.ಮೀ.ಗೆ 40 ಗಂಟೆ. ಚಹಾ ಕುಡಿಯುವಾಗಲೂ, ಮಲಗಿದಾಗಲೂ ಗಡಿಯಾರ ಓಡುತ್ತಲೇ ಇರುತ್ತದೆ.

ಲೆಕ್ಕ ಹೀಗಿದೆ. ಸರಾಸರಿ ವೇಗವನ್ನು ಗಂಟೆಗೆ 20 ಕಿ.ಮೀ.ಯಿಂದ 22ಕ್ಕೆ ಏರಿಸಿದರೆ 600 ಕಿ.ಮೀ.ಯಲ್ಲಿ 2 ಗಂಟೆ 44 ನಿಮಿಷ ಉಳಿಯುತ್ತದೆ. ಆದರೆ ಗಾಳಿಯನ್ನು ಸೀಳಲು ಮೂರನೇ ಒಂದರಷ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ. ಹನ್ನೆರಡು ನಿಲುಗಡೆಗಳನ್ನು ತಲಾ 20 ನಿಮಿಷದಿಂದ 8ಕ್ಕೆ ಇಳಿಸಿದರೆ, ಕಾಲಿಗೆ ಯಾವ ಹೊರೆಯೂ ಬೀಳದೆ, 2 ಗಂಟೆ 24 ನಿಮಿಷ ಉಳಿಯುತ್ತದೆ.

ಮೊದಲಿಗೆ ಒಂದು 200 ಕಿ.ಮೀ. ಸವಾರಿಯಲ್ಲಿ ಎಲ್ಲೆಲ್ಲಿ, ಏಕೆ, ಎಷ್ಟು ಹೊತ್ತು ನಿಂತಿರೆಂದು ಬರೆದಿಡಿ. ಹೆಚ್ಚಿನ ಸಮಯ ಊಟಕ್ಕಲ್ಲ, ಇಳಿದ ಮೇಲೆ ಮುಂದೇನೆಂದು ಯೋಚಿಸುವುದಕ್ಕೇ ಹೋಗಿರುತ್ತದೆ. ಆದ್ದರಿಂದ ನಿಲ್ಲುವ ಜಾಗ ಐದು ಕಿ.ಮೀ. ದೂರವಿರುವಾಗಲೇ ಮಾಡಬೇಕಾದ ಕೆಲಸಗಳನ್ನು ಕ್ರಮವಾಗಿ ಹೇಳಿಕೊಳ್ಳಿ: ಸವಾರಿಯ ಕಾರ್ಡಿಗೆ ಅಲ್ಲಿ ತಲುಪಿದ ಗುರುತಿನ ಮುದ್ರೆ, ಬಾಟಲಿಗೆ ನೀರು, ಶೌಚ, ಕೈಗೊಂದು ತಿನಿಸು. ಈ ನಾಲ್ಕೂ ಮುಗಿಯುವವರೆಗೆ ಕುರ್ಚಿಯ ಮೇಲೆ ಕೂರಬೇಡಿ, ಮೊಬೈಲ್ ತೆಗೆಯಬೇಡಿ. ಮಿರ್ಚಿ ಭಜಿಯ ಅಂಗಡಿಯ ಮುಂದೆ ಮುಂದಿನ ಸರದಿಯ ಭಜಿ ಎಣ್ಣೆಯಿಂದ ಹೊರಬರಲೆಂದು ಕಾದವರು ಸಮಯವನ್ನೂ ಹೊಟ್ಟೆಯ ಹಗುರವನ್ನೂ ಕಳೆದುಕೊಳ್ಳುತ್ತಾರೆ; ಅದನ್ನು ಸವಾರಿ ಮುಗಿದ ಮೇಲೆ ನಿಶ್ಚಿಂತೆಯಿಂದ ತಿನ್ನುವುದೇ ಲೇಸು. ದಾರಿಗೆ ಶೇಂಗಾ ಚಟ್ನಿ ಸವರಿ ಸುತ್ತಿದ ಚಪಾತಿ, ಬಾಳೆಹಣ್ಣು, ಚಿಕ್ಕಿ ಸಾಕು. ಕಡಕ್ ರೊಟ್ಟಿ ಚೀಲದಲ್ಲಿ ಪುಡಿಯಾಗುತ್ತದೆ.

ನಮ್ಮ ಭಾಗದ ರಸ್ತೆಯಂಚಿನಲ್ಲಿ ಜಾಲಿ ಮುಳ್ಳು ಸಾಮಾನ್ಯ. ಪಂಕ್ಚರ್ ಆದಲ್ಲಿ ತೇಪೆ ಹಾಕುತ್ತ ಕೂರದೆ ಹೊಸ ಟ್ಯೂಬ್ ಹಾಕಿ. ಅದಕ್ಕೂ ಮುನ್ನ ಟೈರಿನ ಒಳಮೈಯನ್ನು ಎಚ್ಚರಿಕೆಯಿಂದ ಬೆರಳಾಡಿಸಿ ನೋಡಿ, ಏಕೆಂದರೆ ಉಳಿದುಹೋದ ಮುಳ್ಳು ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಇದನ್ನು ಮನೆಯಲ್ಲೇ, ಕತ್ತಲಲ್ಲಿ, ಹಲವು ಬಾರಿ ಅಭ್ಯಾಸ ಮಾಡಿರಬೇಕು.

ನಿದ್ದೆಯಲ್ಲಿ ಮಾತ್ರ ಉಳಿತಾಯ ಸಲ್ಲದು. ಹೀಗೆ ಕೂಡಿಟ್ಟ ಎರಡು ಗಂಟೆಗಳು ಇರುವುದೇ ಅದಕ್ಕಾಗಿ. ಲಾರಿಗಳು ಓಡಾಡುವ ಹೆದ್ದಾರಿಯಲ್ಲಿ ರೆಪ್ಪೆ ಭಾರವಾದರೆ, ಯೋಜನೆ ಏನೇ ಇರಲಿ, ಬೆಳಕಿರುವ ಪೆಟ್ರೋಲ್ ಬಂಕ್ ಅಥವಾ ಢಾಬಾ ಕಂಡೊಡನೆ ಇಳಿದು, ದೀಪ ಮತ್ತು ಮೊಬೈಲನ್ನು ಚಾರ್ಜಿಗಿಟ್ಟು, 20 ನಿಮಿಷಕ್ಕೆ ಅಲಾರಂ ಹೊಂದಿಸಿ ಮಲಗಿ.